ಮೊದಲು ಕಪೋಟಿಯೋ, ಆ್ಯನ್ ರೂಲೋ?
ನಿಜವಾಗಿ ನಡೆದ ಅಪರಾಧದ ಬಗ್ಗೆ ಬರೆಯಲು ಕಲಿಯಬೇಕೇ? ಓದಿಗೆ ಈ ಇಬ್ಬರು ಅಮೆರಿಕನ್ ಲೇಖಕರ ಪುಸ್ತಕಗಳಲ್ಲಿ ಒಂದನ್ನು ಆರಿಸಿ.

‘ಇನ್ ಕೋಲ್ಡ್ ಬ್ಲಡ್’ನಲ್ಲಿ (1966) ಟ್ರೂಮನ್ ಕಪೋಟಿ ತಾನು ಕಾಣಿಸಿಕೊಳ್ಳುವುದೇ ಇಲ್ಲ. 1959ರಲ್ಲಿ ಕ್ಯಾನ್ಸಸ್‌ನಲ್ಲಿ ಒಂದೇ ಮನೆಯ ನಾಲ್ವರ ಕೊಲೆ. ಕೊಂದವರು ಯಾರೆಂದು ಮುಚ್ಚಿಡುವುದಿಲ್ಲ. ಒಂದು ದೃಶ್ಯ ಆ ಮನೆಯದು, ಮುಂದಿನದು ಕಾರಿನಲ್ಲಿ ಬರುತ್ತಿರುವ ಕೊಲೆಗಾರರದು. ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ! ಆದರೆ ಸಂದರ್ಶನಗಳಲ್ಲಿ ಟೇಪ್ ಇಲ್ಲ, ಟಿಪ್ಪಣಿ ಇಲ್ಲ, ಎಲ್ಲ ಆಮೇಲೆ ನೆನಪಿನಿಂದ ಬರೆದದ್ದು. ಕೊನೆಯ ಸ್ಮಶಾನದ ದೃಶ್ಯವಂತೂ ಸುಮ್ನೆ ಕಟ್ಟಿದ್ದು.

ಆ್ಯನ್ ರೂಲ್ ಅವರ ‘ದಿ ಸ್ಟ್ರೇಂಜರ್ ಬಿಸೈಡ್ ಮಿ’ಯದು (1980) ಬೇರೆ ದಾರಿ. ಸಿಯಾಟಲ್‌ನ ಸಹಾಯವಾಣಿಯಲ್ಲಿ ಸರಣಿ ಹಂತಕ ಟೆಡ್ ಬಂಡಿ, ರೂಲ್ ಜೊತೆ ರಾತ್ರಿ ಪಾಳಿ ಮಾಡಿದವನು. ಹಂತಕ ಅವನೇ ಎಂದು ತಿಳಿಯುವ ಮೊದಲೇ ಆಕೆ ಆ ಕೊಲೆಗಳ ಬಗ್ಗೆ ಪುಸ್ತಕ ಬರೆಯಲು ಒಪ್ಪಿಕೊಂಡಿದ್ದರು. ಇಲ್ಲಿ ‘ನಾನು’ ಇದೆ, ತಳಮಳ ಇದೆ. ಭಾಷೆಯ ಸೊಗಸು ಕಡಿಮೆ, ನನಗೆ ನಂಬಿಕೆ ಜಾಸ್ತಿ.

ದೃಶ್ಯ ಕಟ್ಟುವುದನ್ನು ಕಲಿಯಲು ಕಪೋಟಿ. ಪರಿಚಯದವರ ಬಗ್ಗೆಯೇ ಬರೆಯುವವರಿಗೆ ರೂಲ್.