ಪ್ಯಾರಿಸ್‌ನಲ್ಲಿ ತಾಮ್ರದ ಪಾತ್ರೆ ಕೊಳ್ಳುವವರೇ, ದುಡ್ಡು ಕೊಡುವ ಮೊದಲು ತೂಗಿಸಿ

ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಪ್ಯಾರಿಸ್‌ಗೆ ಹೋಗುವವರು, ಅದರಲ್ಲೂ ಅಲ್ಲಿಂದ ಅಡುಗೆ ಪಾತ್ರೆ ತರುವ ಆಸೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತಾಮ್ರವೆಂದು ಹೇಳಿ ನಮಗೆ 420 ಯೂರೋಗೆ ತಗಡು ಮಾರಿದ್ದಾರೆ. ತಗಡು ಎಂದರೆ ತಗಡೇ, ಮೇಲೊಂದು ತಾಮ್ರದ ಲೇಪ. ಅಂಗಡಿಯ ಹೆಸರು ಹಾಕುತ್ತಿಲ್ಲ. ಫಲಕ ಬದಲಿಸಲು ಇಂಥವರಿಗೆ ಅರ್ಧ ದಿನ ಸಾಕು. ಮಾರುವವನ ಮಾತಿನ ವರಸೆಯನ್ನು ನೆನಪಿಟ್ಟುಕೊಳ್ಳಿ, ಅದು ಬದಲಾಗುವುದಿಲ್ಲ.

ಊಟದ ವಿಷಯದಲ್ಲಿ ನಮಗೆ ಅಲ್ಲಿ ಯಾರೂ ಮೋಸ ಮಾಡಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಬಿಸ್ಟ್ರೋಗಳಲ್ಲಿ ಆ ದಿನದ ಅಡುಗೆಯನ್ನು ಕಪ್ಪು ಹಲಗೆಯ ಮೇಲೆ ಬರೆದಿರುತ್ತಾರೆ. ಬರೆದ ಬೆಲೆಯಲ್ಲೇ ತೆರಿಗೆ, ಸೇವಾ ಶುಲ್ಕ ಎರಡೂ ಸೇರಿರುತ್ತವೆ. ಬ್ರೆಡ್ಡಿಗೆ ದುಡ್ಡಿಲ್ಲ, ಹೂಜಿಯಲ್ಲಿ ನಲ್ಲಿ ನೀರು ಕೇಳಿದರೆ ಅದಕ್ಕೂ ಇಲ್ಲ. ಅತ್ತೆಯವರು ಶುದ್ಧ ಸಸ್ಯಾಹಾರಿ. ಅವರು ಈರುಳ್ಳಿ ಸೂಪ್ ಬೇಕೆಂದಾಗ, ಅದನ್ನು ದನದ ಮೂಳೆ ಬೇಯಿಸಿದ ರಸದಲ್ಲಿ ಮಾಡುತ್ತೇವೆ, ನಿಮಗೆ ಆಗದು ಎಂದು ತಾನಾಗಿ ತಡೆದವನು ಅಲ್ಲಿನ ಮಾಣಿ. ಬದಲಿಗೆ ಗ್ರಾತಾಂ ದೋಫಿನ್ವಾ ತಂದಿಟ್ಟ. ತೆಳ್ಳಗೆ ಕೊಯ್ದ ಆಲೂಗಡ್ಡೆಯನ್ನು ಪದರ ಪದರವಾಗಿ ಜೋಡಿಸಿ, ಕೆನೆ, ಬೆಳ್ಳುಳ್ಳಿ, ಜಾಯಿಕಾಯಿ ಹಾಕಿ ಒಲೆಯಲ್ಲಿ ಬೇಯಿಸಿದ್ದು. ಅದು ಬಂದದ್ದು ಅಂಗೈಯಗಲದ ತಾಮ್ರದ ಬಾಣಲೆಯಲ್ಲಿ. ಅಂಚಿನಲ್ಲಿ ಕಂದಿದ ಸೀಕಲನ್ನು ಅತ್ತೆಯವರು ಚಮಚದಿಂದ ಕೆರೆದು ಕೆರೆದು ತಿಂದರು. "ಪಾತ್ರೆ ನೋಡು, ಎಷ್ಟು ದಪ್ಪ ಇದೆ" ಎಂದರು. ಅಲ್ಲಿಂದ ಶುರುವಾಯಿತು.

ಪಾತ್ರೆ ಕೊಳ್ಳಲು ಮೊಂಮಾರ್ತ್ರ್‌ಗೆ ಹೋಗಿ ಎಂದು ನನ್ನ ಗಂಡನ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅವರು ಹೇಳಿದ್ದು ಮೊಂಮಾರ್ತ್ರ್ ಎಂಬ ರಸ್ತೆ. ಅದು ಇರುವುದು ಊರಿನ ನಡುವೆ, ಲೆ ಆಲ್ ಪಕ್ಕದಲ್ಲಿ. 1969ರಲ್ಲಿ ಊರಾಚೆಯ ರುಂಜಿಸ್‌ಗೆ ಸ್ಥಳಾಂತರವಾಗುವವರೆಗೂ ಪ್ಯಾರಿಸ್‌ನ ತರಕಾರಿಯ ಸಗಟು ಮಾರುಕಟ್ಟೆ ಅಲ್ಲೇ ಇತ್ತು. ಮಾರುಕಟ್ಟೆ ಹೋದರೂ ಹೋಟೆಲಿನವರಿಗೆ ಪಾತ್ರೆ ಮಾರುವ ಅಂಗಡಿಗಳು ಸುತ್ತಮುತ್ತ ಉಳಿದುಕೊಂಡಿವೆ. ಮೊಂಮಾರ್ತ್ರ್ ಬೆಟ್ಟ ಇರುವುದು ಉತ್ತರಕ್ಕೆ, ಬಿಳಿ ಗುಮ್ಮಟದ ಸಾಕ್ರೆ ಕರ್ ಚರ್ಚಿನ ಬಳಿ, ಪೂರ್ತಿ ಪ್ರವಾಸಿಗಳ ಜಾಗ. ಮೊಬೈಲಿನ ನಕ್ಷೆ ನಮ್ಮನ್ನು ಬೆಟ್ಟ ಹತ್ತಿಸಿತು. ರಸ್ತೆಗೆ ಹೋಗುವವರು 4ನೇ ಮೆಟ್ರೋ ಮಾರ್ಗದ ಲೆ ಆಲ್ ಅಥವಾ ಎತಿಯೆನ್ ಮಾರ್ಸೆಲ್ ನಿಲ್ದಾಣದಲ್ಲಿ ಇಳಿಯಬೇಕು.

ಬೆಟ್ಟದ ಕೆಳಗಿನ ಒಂದು ಗಲ್ಲಿಯಲ್ಲಿ ಆ ಅಂಗಡಿ. ಬಾಗಿಲಿಗೆ ದೊಡ್ಡ ಕೆಂಪು ಅಕ್ಷರಗಳಲ್ಲಿ ರಿಯಾಯಿತಿ ಮಾರಾಟ, "ಸೋಲ್ಡ್" ಎಂಬ ಹಾಳೆ. ಫ್ರಾನ್ಸಿನಲ್ಲಿ ಆ ಹೆಸರಿನ ಮಾರಾಟಕ್ಕೆ ಕಾನೂನು ಇದೆ: ಚಳಿಗಾಲದಲ್ಲಿ ಒಮ್ಮೆ, ಅಲ್ಲಿನ ಬೇಸಿಗೆಯಲ್ಲಿ ಒಮ್ಮೆ, ಸರ್ಕಾರ ಗೊತ್ತುಮಾಡಿದ ವಾರಗಳಲ್ಲಿ ಮಾತ್ರ. ನಾವು ಹೋದದ್ದು ಮೇ ತಿಂಗಳಲ್ಲಿ, ಎರಡರಲ್ಲಿ ಯಾವುದೂ ಅಲ್ಲ. ಊರಿಗೆ ಬಂದ ಮೇಲೆ ತಿಳಿದ ಸಂಗತಿ ಇದು. ನಿಮಗೆ ಈಗಲೇ ತಿಳಿದಿರಲಿ.

ಮಾರುವವನು ಮೂವತ್ತರ ಆಸುಪಾಸಿನವನು. ನಮ್ಮನ್ನು ಕಂಡೊಡನೆ "ನಮಸ್ತೆ". ಮಕ್ಕಳಿಗೆ ಚಾಕೊಲೇಟು. ಎಲ್ಲ ಮಾಲೂ ನಾರ್ಮಂಡಿಯ ವಿಲ್‌ದ್ಯೂ ಲೆ ಪ್ವಾಲ್ ಊರಿನದಂತೆ. ಆ ಊರು ನಿಜವಾಗಿಯೂ ಇದೆ, ಶತಮಾನಗಳಿಂದ ತಾಮ್ರದ ಪಾತ್ರೆ ಕೆಲಸಕ್ಕೆ ಹೆಸರಾದ ಊರು. ಅವನ ಪಾತ್ರೆಗಳಲ್ಲಿ ಮಾತ್ರ ಯಾವ ತಯಾರಕರ ಮುದ್ರೆಯೂ ಇರಲಿಲ್ಲ. ಕೇಳಿದರೆ "ಕೈಕೆಲಸದವರು ಮುದ್ರೆ ಒತ್ತುವುದಿಲ್ಲ" ಎಂದ. ಎರಡು ಮಿಲಿಮೀಟರ್ ತಾಮ್ರ, ಒಳಗೆ ಸ್ಟೀಲ್ ಪದರ, ಮೂರು ಪಾತ್ರೆಗಳ ಸೆಟ್ಟಿಗೆ 790 ಯೂರೋ, ಇವತ್ತು ಮಾತ್ರ 420. ಇವತ್ತು ಮಾತ್ರ!

ಅತ್ತೆಯವರು ಒಂದನ್ನು ಕೈಯಲ್ಲಿ ಎತ್ತಿ ನೋಡಿ, "ತೂಕ ಎಷ್ಟು ಎಂದು ಕೇಳು" ಎಂದರು. ನಮ್ಮ ಚಿಕ್ಕಪೇಟೆಯಲ್ಲಿ ತಾಮ್ರದ ಚೊಂಬು ತೆಗೆದುಕೊಂಡರೂ ತಕ್ಕಡಿಗೆ ಹಾಕಿ, ಕಿಲೋಗೆ ಇಷ್ಟು ಎಂದು ಬಿಲ್ಲು ಬರೆದು ಕೊಡುತ್ತಾರೆ. ಅದರಲ್ಲಿ ಅಚ್ಚರಿ ಏನಿದೆ? ನಾನು ಕೇಳಿದೆ. ಅವನು ಪಕ್ಕದಲ್ಲಿದ್ದ ಹುಡುಗಿಯ ಕಡೆ ನೋಡಿ ನಕ್ಕು, "ಮೇಡಂ, ನಾವು ಆಲೂಗಡ್ಡೆ ಮಾರುತ್ತಿಲ್ಲ" ಎಂದ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳೂ ನಕ್ಕರು. ಅತ್ತೆಯವರಿಗೆ ಇಂಗ್ಲಿಷ್ ಅರ್ಥವಾಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಆ ನಗುವಿನ ಮುಂದೆ ಮತ್ತೆ ತಕ್ಕಡಿಯ ಮಾತೆತ್ತಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಆ ನಗು ಇರುವುದೇ ಅದಕ್ಕೆ.

ಆಮೇಲೆ ತೆರಿಗೆಯ ಮಾತು. "ವಿಮಾನ ನಿಲ್ದಾಣದಲ್ಲಿ ಶೇಕಡ 20 ವಾಪಸು ಕೊಡುತ್ತಾರೆ, 84 ಯೂರೋ, ಬಿಲ್ಲು ತೋರಿಸಿದರೆ ಸಾಕು." ಇದರಲ್ಲಿ ಒಂದೂ ನಿಜವಲ್ಲ. ತೆರಿಗೆಯ ದರ ಶೇಕಡ 20 ಇರಬಹುದು, ಆದರೆ ಅದು ತೆರಿಗೆ ಸೇರಿಸುವ ಮೊದಲಿನ ಬೆಲೆಯ ಮೇಲೆ. 420ರಲ್ಲಿ ಅಡಗಿರುವ ತೆರಿಗೆಯೇ 70. ತೆರಿಗೆ ವಾಪಸು ಕೊಡಿಸುವ ಮಧ್ಯವರ್ತಿ ಕಂಪನಿಗಳು ತಮ್ಮ ಪಾಲು ಹಿಡಿದ ಮೇಲೆ ಸಾಮಾನ್ಯವಾಗಿ ಕೈಗೆ ಸಿಗುವುದು ಶೇಕಡ 12ರ ಸುತ್ತ. ಬಿಲ್ಲು ತೋರಿಸಿದರೆ ಏನೂ ಸಿಗುವುದಿಲ್ಲ. 100 ಯೂರೋ ಮೀರಿದ ಖರೀದಿಗೆ ಅಂಗಡಿಯವರೇ ಪಾಸ್‌ಪೋರ್ಟ್ ನೋಡಿ ಬಾರ್‌ಕೋಡ್ ಇರುವ ದೆತಾಕ್ಸ್ ಎಂಬ ನಮೂನೆ ಕೊಡಬೇಕು. ಕೊಡಲೇಬೇಕೆಂಬ ಕಡ್ಡಾಯ ಅವರಿಗಿಲ್ಲ, ಹಾಗಾಗಿ ದುಡ್ಡು ಕೊಡುವ ಮೊದಲೇ ಕೇಳಬೇಕು. ಇವನು ನಮ್ಮ ಪಾಸ್‌ಪೋರ್ಟ್ ತಿರುವಿ ನೋಡಿದ, ಏನೋ ಬರೆದುಕೊಂಡ ಹಾಗೆ ಮಾಡಿದ, ವಾಪಸು ಕೊಟ್ಟ. ನಾಟಕ! ಕಾರ್ಡ್ ಯಂತ್ರ ಯೂರೋನೋ ರೂಪಾಯಿಯೋ ಎಂದು ಕೇಳಿದಾಗ ರೂಪಾಯಿ ಒತ್ತಿದವನೂ ಅವನೇ. "ನಿಮಗೆ ಸುಲಭವಾಗಲಿ" ಎಂದ. ಯಂತ್ರ ಹಾಕಿದ ವಿನಿಮಯ ದರದಲ್ಲೇ ಎರಡು ಸಾವಿರ ರೂಪಾಯಿಗೂ ಹೆಚ್ಚು ಹೋಯಿತು.

ಸಂಜೆ ಹೋಟೆಲಿನಲ್ಲಿ ನಿಜ ಗೊತ್ತಾಯಿತು. ನೆರೆಮನೆಯವರಿಗೆ ಕೊಡಲೆಂದು ತಂದಿದ್ದ ಐಫೆಲ್ ಗೋಪುರದ ಫ್ರಿಜ್ ಮ್ಯಾಗ್ನೆಟ್ಟನ್ನು ಮಗ ಆಟಕ್ಕೆಂದು ಪಾತ್ರೆಯ ಹೊಟ್ಟೆಗೆ ಹಿಡಿದ. ಟಕ್ಕೆಂದು ಅಂಟಿಕೊಂಡಿತು. ಹಿಡಿಗೆ ಅಂಟಿದ್ದರೆ ಸರಿ, ಒಳ್ಳೆಯ ತಾಮ್ರದ ಪಾತ್ರೆಗೂ ಎರಕದ ಕಬ್ಬಿಣದ ಹಿಡಿ ಇರುತ್ತದೆ. ಇಂಡಕ್ಷನ್ ಒಲೆಗೆಂದು ಒಳಪದರದಲ್ಲಿ ಅಯಸ್ಕಾಂತ ಹಿಡಿಯುವ ಉಕ್ಕು ಇಟ್ಟ ತಾಮ್ರದ ಪಾತ್ರೆಗಳೂ ಇವೆ, ಅದೂ ಸರಿ. ಅದಕ್ಕೇ ಸಾಮಾನು ತೂಗುವ ಕೈತಕ್ಕಡಿಯ ಕೊಕ್ಕೆಗೆ ಮೂರನ್ನೂ ಒಟ್ಟಿಗೆ ನೇತುಹಾಕಿದೆವು. ಎರಡು ಕಿಲೋ ನೂರು ಗ್ರಾಂ. ಮೂರೂ ಸೇರಿ! 20 ಸೆಂಟಿಮೀಟರ್ ಅಗಲದ, ಅದರ ಅರ್ಧ ಎತ್ತರದ ಒಂದೇ ಪಾತ್ರೆಯಲ್ಲಿ ಎರಡು ಮಿಲಿಮೀಟರ್ ತಾಮ್ರವಿದ್ದರೆ ಹಿಡಿ ಬಿಟ್ಟು ತಾಮ್ರವೇ ಒಂದೂವರೆ ಕಿಲೋ ದಾಟಬೇಕು. ನನ್ನ ಗಂಡ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಬಾಯಂಚನ್ನು ದೀಪದ ಕೆಳಗೆ ಹಿಡಿದರೆ ಪೂರ್ತಿ ಬಿಳಿ ಉಕ್ಕು, ಹೊರಗೆ ಮಾತ್ರ ಕೂದಲೆಳೆಯಷ್ಟು ಕೆಂಪು. ಅತ್ತೆಯವರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ಅವನ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲನೆಯದು: "ಫ್ರೆಂಚ್ ತಾಮ್ರಕ್ಕೆ ಮ್ಯಾಗ್ನೆಟ್ ಅಂಟುತ್ತದೆ." ಒಂಬತ್ತನೇ ತರಗತಿಯ ನನ್ನ ಮಗನ ಎದುರಿಗೇ ಹೇಳಿದ. ಮುಂದಿನದು: "ಬಿಲ್ಲಿನಲ್ಲಿ ತಾಮ್ರ ಎಂದು ಎಲ್ಲಿದೆ, ತೋರಿಸಿ." ಬಿಲ್ಲು ತೆಗೆದು ನೋಡಿದರೆ ಒಂದು ಸಂಖ್ಯೆ, ಅಡುಗೆ ಸಾಮಾನು, 420. ಅಷ್ಟೇ. ತಾಮ್ರವೂ ಇಲ್ಲ, ಎರಡು ಮಿಲಿಮೀಟರೂ ಇಲ್ಲ. ನಾನು ಮೋಸ ಹೋದೆ ಎಂದು ಎದೆಗೆ ತಟ್ಟಿದ್ದು ಹಿಂದಿನ ಸಂಜೆಯಲ್ಲ, ಆ ಗಳಿಗೆಯಲ್ಲಿ. ಬಿಲ್ಲು ಬರೆಯುವಾಗಲೇ ಇವನು ಈ ಮಾತನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ನಗುತ್ತಾ ಚಾಕೊಲೇಟು ಕೊಡುತ್ತಿದ್ದಾಗಲೇ! ಕೊನೆಗೆ ಕಾನೂನು ಹೇಳಿದ: ಹದಿನಾಲ್ಕು ದಿನಗಳಲ್ಲಿ ವಾಪಸು ಮಾಡುವ ಹಕ್ಕು ಆನ್‌ಲೈನ್ ಖರೀದಿಗೆ, ಅಂಗಡಿಗೆ ಬಂದು ಕೊಂಡವರಿಗಲ್ಲ. ಇದು ನಿಜ. ಆದರೆ ಹೇಳಿದ್ದೊಂದು ಕೊಟ್ಟಿದ್ದೊಂದು ಆದರೆ ಎರಡು ವರ್ಷಗಳ ಖಾತರಿಯನ್ನು ಅದೇ ಕಾನೂನು ಕೊಡುತ್ತದೆ, ಅದನ್ನು ಮಾತ್ರ ಬಾಯಿ ಬಿಡಲಿಲ್ಲ. ಬೇಕಿದ್ದರೆ ಎರಡು ಏಪ್ರನ್ ಕೊಡುತ್ತೇನೆ ಎಂದ. ಏಪ್ರನ್!

ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದಲ್ಲಿ ಪಾಬ್ಲೋ ಎಂಬ ಯಂತ್ರಗಳಿವೆ, ನಮೂನೆಯ ಬಾರ್‌ಕೋಡನ್ನು ಅದರ ಮುಂದೆ ಹಿಡಿಯಬೇಕು. ನಮ್ಮ ಬಳಿ ಹಿಡಿಯಲು ಏನಿತ್ತು? ಸುಂಕದ ಅಧಿಕಾರಿ ಬಿಲ್ಲು ನೋಡಿ, ಇದಕ್ಕೆ ನಾವು ಏನೂ ಮಾಡಲಾಗದು ಎಂದರು. ಅವರ ತಪ್ಪಲ್ಲ.

ಬೆಂಗಳೂರಿಗೆ ಬಂದು ಇಮೇಲ್ ಬರೆದೆ. "ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ" ಎಂದು ಉತ್ತರ. ಮತ್ತೆ ಬರೆದರೆ "ಬಳಸಿದ ಪಾತ್ರೆ ವಾಪಸಿಲ್ಲ." ಬಳಸಿಲ್ಲ, ಒಲೆಯ ಮೇಲೇ ಇಟ್ಟಿಲ್ಲ ಎಂದು ಫೋಟೋ ಕಳುಹಿಸಿದೆ. ನಿಮ್ಮ ಖರ್ಚಿನಲ್ಲಿ ಪ್ಯಾರಿಸ್‌ಗೆ ಕಳುಹಿಸಿ, ನಮ್ಮ ಪರಿಣತರು ಪರೀಕ್ಷಿಸುತ್ತಾರೆ ಎಂದರು. ಪರಿಣತರಂತೆ! ಫ್ರಾನ್ಸ್ ಸರ್ಕಾರದ ಗ್ರಾಹಕ ದೂರಿನ ತಾಣ ಸಿಗ್ನಾಲ್‌ಕೊಂಸೊದಲ್ಲಿ ದೂರು ದಾಖಲಿಸಿದ್ದೇನೆ, ಬ್ಯಾಂಕಿಗೂ ಬರೆದಿದ್ದೇನೆ. ಬ್ಯಾಂಕಿನವರು ಕೇಳಿದ ಮೊದಲ ಪ್ರಶ್ನೆ: ಬಿಲ್ಲಿನಲ್ಲಿ ತಾಮ್ರ ಎಂದಿದೆಯೇ?

ಹೋಗುವವರು ಇಷ್ಟು ಮಾಡಿ. ಲೋಹ ಯಾವುದು, ದಪ್ಪ ಎಷ್ಟು ಎಂಬುದನ್ನು ಬಿಲ್ಲಿನಲ್ಲಿ ಬರೆಸಿ. ಬರೆಯುವುದಿಲ್ಲ ಎಂದರೆ ಹೊರಗೆ ಬನ್ನಿ. ಕಾರ್ಡ್ ಯಂತ್ರದಲ್ಲಿ ಯೂರೋವನ್ನು ನೀವೇ ಒತ್ತಿ. ದೆತಾಕ್ಸ್ ನಮೂನೆ ಕೈಗೆ ಬರದೆ ಕಾರ್ಡ್ ಹೊರಗೆ ತೆಗೆಯಬೇಡಿ. ಒಳಗೆ ತವರದ ಕಲಾಯಿ ಇರುವ ಪಾತ್ರೆ ಕೊಟ್ಟರೆ ನೆನಪಿರಲಿ, ತವರ 232 ಡಿಗ್ರಿಗೆ ಕರಗುತ್ತದೆ, ಖಾಲಿ ಪಾತ್ರೆ ಕಾಯಿಸಿ ಒಗ್ಗರಣೆ ಹಾಕುವ ನಮ್ಮ ಅಭ್ಯಾಸಕ್ಕೆ ಅದು ಹೇಳಿದ್ದಲ್ಲ. ಸಾಮಾನು ತೂಗುವ ಕೈತಕ್ಕಡಿ ಹೇಗೂ ನಿಮ್ಮ ಬಳಿ ಇರುತ್ತದೆ, ಅಂಗಡಿಗೇ ತೆಗೆದುಕೊಂಡು ಹೋಗಿ, ಅವನ ಕಣ್ಣೆದುರೇ ತೂಗಿ. ಆಲೂಗಡ್ಡೆಯ ಮಾತು ಬಂದರೆ, ನಗುವವರು ನಗಲಿ.