ಗಾಡಿ ಎತ್ತಿಹಾಕುತ್ತಿದ್ದರೆ ಶಾಕ್‌ಗೆ ಕೈ ಹಾಕಬೇಡಿ, ಮೊದಲು ಡಬ್ಬಿಯ ಗೆರೆ ಎಣಿಸಿ

ಹೈಡ್ರಾಲಿಕ್ ಸಸ್ಪೆನ್ಷನ್, ಅಂದರೆ ಎಣ್ಣೆಯ ಒತ್ತಡದಲ್ಲಿ ಗಾಡಿಯನ್ನು ಎತ್ತಿ ಇಳಿಸುವ ವ್ಯವಸ್ಥೆ, ಇರುವ ಹಳೇ ದೊಡ್ಡ ಎಸ್‌ಯುವಿ ಕೊಳ್ಳುವ ಆಸೆ ಇದ್ದವರು, ಈಗಾಗಲೇ ಕೊಂಡು ಸೊಂಟ ಹಿಡಿದುಕೊಂಡು ಕೂತವರು ಇದನ್ನು ಪೂರ್ತಿ ಓದಿ. ನನಗೆ ಆರು ತಿಂಗಳು ಹೋಯಿತು. ಮೂರು ಗ್ಯಾರೇಜು ಸುತ್ತಿದೆ. ಲಕ್ಷದ ಹತ್ತಿರ ದುಡ್ಡು ಖಾಲಿ ಆಯಿತು. ಇಷ್ಟೆಲ್ಲ ಆದ ಮೇಲೆ ಗೊತ್ತಾಗಿದ್ದು ಏನೆಂದರೆ, ಕಾಯಿಲೆ ಏನು ಅಂತ ಹತ್ತು ನಿಮಿಷದಲ್ಲಿ ನೋಡಬಹುದಿತ್ತು, ಅದೂ ಒಂದು ಪಾನಾ ಸಹ ಹಿಡಿಯದೆ.

ಗಾಡಿ ಲ್ಯಾಂಡ್ ಕ್ರೂಸರ್ 100, 2003ರ ಮಾಡೆಲ್. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡವನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂತ ನನ್ನ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಚನ್ನಗಿರಿ ಕಡೆ ತೋಟ ಇದೆ, ದಾರಿ ಸರಿ ಇಲ್ಲ, ಅವ್ವ ಆರಾಮಾಗಿ ಕೂತು ಬರಲಿ ಅಂತ ಒಂದು ನೆಪ ಹೇಳಿಕೊಂಡಿದ್ದೆ. ಮೊದಲೇ ಹೇಳಿಬಿಡುತ್ತೇನೆ, ಗಾಡಿ ಮಾಡಿದವರ ತಪ್ಪು ಇದರಲ್ಲಿ ಏನೂ ಇಲ್ಲ. ಇಪ್ಪತ್ತು ವರ್ಷ ದಾಟಿದ ರಬ್ಬರು ಸೋಲುವುದು ಸಹಜ. ತಪ್ಪು ಮಾರಿದವರದ್ದು, ಸುಮ್ನೆ ಊಹೆ ಮಾಡಿ ಪಾನಾ ಹಿಡಿದವರದ್ದು, ಜಾಸ್ತಿ ನನ್ನದು.

ಟ್ರಯಲ್ ನೋಡಿದ್ದು ಹೈವೇಯಲ್ಲಿ ಮಾತ್ರ. ದಾವಣಗೆರೆ ಬಿಟ್ಟು ಹರಿಹರದ ಕಡೆ ಸ್ವಲ್ಪ ದೂರ ಹೋಗಿ ವಾಪಸ್ ಬಂದೆವು. ರಾಷ್ಟ್ರೀಯ ಹೆದ್ದಾರಿ 48ರ ನುಣುಪು ರಸ್ತೆಯಲ್ಲಿ ಯಾವ ಗಾಡಿ ಎತ್ತಿಹಾಕುತ್ತದೆ ಹೇಳಿ? ಬೆಣ್ಣೆ ಜಾರಿದ ಹಾಗೆ ಜಾರಿತು. ಮಾರಾಟಗಾರ ಆ ಕಡೆ ಈ ಕಡೆ ಸುದ್ದಿ ಮಾತಾಡುತ್ತಿದ್ದ, ನಾನು ದುಡ್ಡು ಎಣಿಸಿದೆ.

ಹತ್ತು ದಿನ ಬಿಟ್ಟು ಬಂಕಿನಲ್ಲಿ ಗಾಳಿ ಚೆಕ್ ಮಾಡಿಸಿದೆ. ನಾಲ್ಕೂ ಟೈರಿನಲ್ಲಿ 24, 25 ಇತ್ತು. ಬಾಗಿಲ ಅಂಚಿನ ಚೀಟಿಯಲ್ಲಿ ಎಷ್ಟು ಬರೆದಿದೆಯೋ ಅಷ್ಟು ತುಂಬಿಸಿದೆ. ಅವತ್ತಿನಿಂದ ಶುರುವಾಯಿತು. ಸಂತೇಬೆನ್ನೂರು ರಸ್ತೆಯಲ್ಲಿ ಹಂಪ್ ಬಂದರೆ ಟಪ್ ಅಂತ ಒಂದು ಪೆಟ್ಟು, ಆಮೇಲೆ ಮೂರು ನಾಲ್ಕು ಸಲ ಕುಣಿತ. ಸಣ್ಣ ಗುಂಡಿಗೂ ಪೂರ್ತಿ ಗಾಡಿ ನಡುಗುತ್ತಿತ್ತು. ಹಿಂದೆ ಕೂತಿದ್ದ ಅವ್ವ ಒಂದೇ ಮಾತು ಹೇಳಿದಳು: "ಮಂಡಕ್ಕಿ ಭಟ್ಟಿ ಬಾಣಲೆಯಾಗೆ ಕುಂತಂಗೆ ಆಗ್ತೈತಲ್ಲೋ." ಮೆತ್ತಗೆ, ಗಟ್ಟಿ ಅಂತ ಬದಲಿಸುವ ಒಂದು ಸ್ವಿಚ್ ಈ ಗಾಡಿಯಲ್ಲಿ ಇದೆ. ಅದನ್ನು ಎಲ್ಲಿಗೆ ತಿರುಗಿಸಿದರೂ ಒಂದೇ ತರ.

ಮೊದಲ ಗ್ಯಾರೇಜಿನವರು ಟೈರ್ ಅಂದರು. ಎರಡು ಟೈರ್ ಬದಲಾಯಿತು, ಅಲೈನ್‌ಮೆಂಟ್ ಆಯಿತು. ಕೊನೆಗೆ ಗಾಳಿ ಇಳಿಸಿ ಕೊಟ್ಟರು. ಕುಣಿತ ಕಡಿಮೆ ಆಯಿತು! ನಾನು ಖುಷಿಯಾಗಿ ಅವರ ಹುಡುಗರಿಗೆ ಬೆಣ್ಣೆ ದೋಸೆ ಕೊಡಿಸಿದೆ. ಗಾಳಿ ಇಳಿಸಿದ ತಕ್ಷಣ ಗಾಡಿ ಯಾಕೆ ಸರಿ ಹೋಯಿತು ಅಂತ ಅವತ್ತೇ ಒಂದು ನಿಮಿಷ ಯೋಚಿಸಿದ್ದರೆ ಉಳಿದ ದುಡ್ಡು ಉಳಿಯುತ್ತಿತ್ತು. ಮಾರಿದವನು ಗಾಳಿ ಕಡಿಮೆ ಇಟ್ಟಿದ್ದೂ ಮರೆತಲ್ಲ ಅಂತ ನನಗೆ ಈಗ ಅನಿಸುತ್ತದೆ.

ಎರಡನೇ ಗ್ಯಾರೇಜು ನಿಜವಾಗಿ ಭಯ ಹುಟ್ಟಿಸಿದ್ದು. "ನಾಲ್ಕೂ ಶಾಕ್ ಹೋಗ್ಯಾವೆ ಸಾವ್ಕಾರ್ರೆ" ಅಂದರು. ನೋಡುವುದಕ್ಕೆ ಶಾಕ್ ತರವೇ ಇರುತ್ತದೆ, ಆದರೆ ಅದು ಮಾಮೂಲಿ ಶಾಕ್ ಅಲ್ಲ. ಒಳಗೆ ಒತ್ತಡದ ಎಣ್ಣೆ ಓಡಾಡುವ ಸಿಲಿಂಡರು. ಗಾಡಿಯನ್ನು ಪೂರ್ತಿ ಎತ್ತರಕ್ಕೆ ಎತ್ತಿ ನಿಲ್ಲಿಸಿ, ಸಸ್ಪೆನ್ಷನ್ ಎಣ್ಣೆಯ ಡಬ್ಬಿಯಲ್ಲಿ ಎಣ್ಣೆ ಕಡಿಮೆ ಇದೆ ಅಂತ ಪವರ್ ಸ್ಟೀರಿಂಗ್ ಎಣ್ಣೆಯನ್ನು ಕಂಠದವರೆಗೆ ಸುರಿದರು. ಗಾಡಿ ಎತ್ತರದಲ್ಲಿದ್ದಾಗ ಎಣ್ಣೆ ಸಿಲಿಂಡರಿಗೆ ಹೋಗಿರುತ್ತದೆ, ಡಬ್ಬಿಯಲ್ಲಿ ಕಡಿಮೆ ಕಾಣಲೇಬೇಕು. ಕೆಳಗಿಳಿಸಿದ ಕೂಡಲೇ ಎಲ್ಲ ವಾಪಸ್ ಬಂದು ಉಕ್ಕಿ ನೆಲದ ಮೇಲೆ ಹರಿಯಿತು. "ನೋಡ್ರಿ, ಲೀಕೂ ಐತಿ" ಅಂದರು!

ಮರುದಿನ ಗಾಡಿ ಎತ್ತರದಲ್ಲೇ ನಿಂತಿತ್ತು. ಜ್ಯಾಕ್ ಇಲ್ಲ, ಸ್ಟ್ಯಾಂಡ್ ಇಲ್ಲ. ಹುಡುಗನೊಬ್ಬ ಕೆಳಗೆ ಮಲಗಿ ಎಣ್ಣೆ ಹೊರಬಿಡುವ ಒಂದು ನಿಪ್ಪಲ್ ಅರ್ಧ ಸಡಿಲ ಮಾಡಿದ. ಪಾನಾ ಜಾರುತ್ತಿದೆ, ಬೇರೆ ತರುತ್ತೇನೆ ಅಂತ ಹೊರಗೆ ಬಂದ. ಅವನು ಎದ್ದು ಎರಡು ಹೆಜ್ಜೆ ಇಟ್ಟಿರಬೇಕು, ಎಣ್ಣೆ ಚಿಮ್ಮಿ ಆ ಮೂಲೆ ಧಪ್ ಅಂತ ಕುಸಿಯಿತು. ಎರಡೂವರೆ ಟನ್ ಗಾಡಿ. ಯಾರೂ ಮಾತಾಡಲಿಲ್ಲ. ಹುಡುಗ ನಕ್ಕ, ಆದರೆ ಅವನ ಕೈ ನಡುಗುತ್ತಿತ್ತು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ನಾನು ಅಲ್ಲೇ ಕೆಲಸ ನಿಲ್ಲಿಸಿ ಗಾಡಿ ತಂದೆ.

ಆದ್ದರಿಂದ ಇದೊಂದನ್ನು ದಯವಿಟ್ಟು ನಿಮ್ಮ ಮೆಕ್ಯಾನಿಕ್‌ಗೆ ಹೇಳಿ. ಗಾಡಿಯ ಸ್ವಂತ ಹೈಡ್ರಾಲಿಕ್ ಮೇಲೆ ನಂಬಿಕೆ ಇಟ್ಟು ಯಾರೂ ಕೆಳಗೆ ನುಗ್ಗಬಾರದು. ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಬೇಕು. ಗಾಡಿಯನ್ನು ಪೂರ್ತಿ ತಗ್ಗಿಸಿ, ಎಂಜಿನ್ ನಿಲ್ಲಿಸಿ, ಒತ್ತಡ ಬಿಟ್ಟ ಮೇಲೆ ಮಾತ್ರ ಪೈಪು ಬಿಚ್ಚಬೇಕು. ಸಣ್ಣ ಸಂದಿಯಿಂದ ಹಾರುವ ಒತ್ತಡದ ಎಣ್ಣೆ ಚರ್ಮದೊಳಗೆ ನುಗ್ಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ಅರಿಶಿನ ಒತ್ತಿ ಸುಮ್ಮನಿರಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಮೂರನೇ ಗ್ಯಾರೇಜಿನವರ ವಿಷಯ ಜಾಸ್ತಿ ಇಲ್ಲ. ಎಲ್ಲ ಕಿತ್ತು ಹಾಕಿ ಸಾದಾ ಶಾಕ್, ದಪ್ಪ ಸ್ಪ್ರಿಂಗ್ ಹಾಕೋಣ ಅಂದರು. ಹಾಗೆ ಮಾಡಿಸಿಕೊಂಡವರು ಇದ್ದಾರೆ, ಅದು ತಪ್ಪೇನಲ್ಲ. ಆದರೆ ಏನು ಕೆಟ್ಟಿದೆ ಅಂತ ಹೇಳದೆ ಕೀಳುವ ಮಾತಾಡಿದರೆ ನಂಬುವುದು ಹೇಗೆ? ಮುಂದಿನ ಟಾರ್ಷನ್ ಬಾರನ್ನು (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಕಬ್ಬಿಣದ ಸರಳು) ಕಣ್ಣಂದಾಜಿನಲ್ಲಿ ತಿರುಗಿಸಿ, ಗಾಡಿ ಮೂಗು ಎತ್ತಿಕೊಂಡು ನಿಲ್ಲುವ ಹಾಗೆ ಮಾಡಿದರು. ಅಷ್ಟೇ.

ಕೊನೆಗೆ ಅಡಿಕೆ ವ್ಯಾಪಾರದ ಪರಿಚಯದವರೊಬ್ಬರು ಚಿತ್ರದುರ್ಗದ ಒಬ್ಬ ಮೇಸ್ತ್ರಿ ವಿಳಾಸ ಕೊಟ್ಟರು. ಅರವತ್ತು ದಾಟಿದ ಮನುಷ್ಯ, ಗಲ್ಫಿನಲ್ಲಿ ವರ್ಷಗಟ್ಟಲೆ ಇಂಥ ಗಾಡಿಗಳನ್ನೇ ರಿಪೇರಿ ಮಾಡಿ ಬಂದವರು. ಗ್ಯಾರೇಜಿಗೆ ಬೋರ್ಡೂ ಇಲ್ಲ. ಗಾಡಿ ಕೆಳಗೆ ಅವರು ಬಗ್ಗಿ ಸಹ ನೋಡಲಿಲ್ಲ. ಎಂಜಿನ್ ನಿಲ್ಲಿಸಲು ಹೇಳಿ, ನನ್ನನ್ನೂ ನನ್ನ ಬಾಮೈದನನ್ನೂ ಹಿಂದಿನ ಬಂಪರ್ ಮೇಲೆ ಹತ್ತಿ ಕುಣಿಯಿರಿ ಅಂದರು. ಇಬ್ಬರೂ ಸೇರಿ ನೂರೈವತ್ತು ಕೆ.ಜಿ. ಇದ್ದೇವೆ. ಗಾಡಿ ಕಲ್ಲಿನ ಕೋಟೆ ಹಾಗೆ ನಿಂತಿತ್ತು. ಟೈರ್ ಮಾತ್ರ ಸ್ವಲ್ಪ ಅದುಮಿತು.

"ಟೈರೇ ಸ್ಪ್ರಿಂಗ್ ಆಗೈತಿ ನಿಮ್ಮ ಗಾಡಿಗೆ" ಅಂದರು. ಆಗ ತಲೆಯೊಳಗೆ ದೀಪ ಹತ್ತಿತು.

ಅವರು ಹೇಳಿದ್ದು ಹೀಗೆ. ಪ್ರತಿ ಚಕ್ರದ ಸಿಲಿಂಡರಿಗೆ ಒಂದೊಂದು ಕಬ್ಬಿಣದ ಗುಂಡು ಜೋಡಿಸಿರುತ್ತಾರೆ, ಹೆಚ್ಚುಕಡಿಮೆ ಸುಲಿದ ತೆಂಗಿನಕಾಯಿ ಗಾತ್ರ. ಅದರೊಳಗೆ ನಡುವೆ ರಬ್ಬರಿನ ಪರದೆ. ಒಂದು ಕಡೆ ನೈಟ್ರೋಜನ್ ಅನಿಲ, ಇನ್ನೊಂದು ಕಡೆ ಎಣ್ಣೆ. ಚಕ್ರ ಮೇಲೆದ್ದರೆ ಎಣ್ಣೆ ಗುಂಡಿಗೆ ನುಗ್ಗುತ್ತದೆ, ಅನಿಲ ಅದುಮಿಕೊಂಡು ಜಾಗ ಕೊಡುತ್ತದೆ. ಎಣ್ಣೆಯನ್ನು ಅದುಮಲು ಆಗುವುದಿಲ್ಲ, ಅನಿಲವನ್ನು ಅದುಮಬಹುದು. ಮೆತ್ತಗಿರುವ ಗುಟ್ಟೆಲ್ಲ ಆ ಅನಿಲದ್ದು. ವರ್ಷಗಳಾದಂತೆ ಅನಿಲ ರಬ್ಬರಿನ ಮೂಲಕ ಸೋರುತ್ತದೆ, ಒಮ್ಮೊಮ್ಮೆ ಪರದೆಯೇ ಹರಿಯುತ್ತದೆ. ಆಗ ಗುಂಡಿನ ತುಂಬ ಎಣ್ಣೆಯೇ. ಸಿಲಿಂಡರು ಕಬ್ಬಿಣದ ಕೋಲಿನಂತೆ ಬಿಗಿಯುತ್ತದೆ. ಉಳಿಯುವುದು ಟೈರ್ ಒಂದೇ. ಟೈರಿಗೆ ಅದುಮುವುದು ಗೊತ್ತು, ಕುಣಿತ ತಡೆಯುವುದು ಗೊತ್ತಿಲ್ಲ. ಅದಕ್ಕೇ ಮೊದಲು ಪೆಟ್ಟು, ಆಮೇಲೆ ಕುಣಿತ. ಅದಕ್ಕೇ ಗಾಳಿ ಇಳಿಸಿದರೆ ಆರಾಮ.

ಈ ಉಪಾಯ ಹೊಸದಲ್ಲವಂತೆ. ಫ್ರಾನ್ಸಿನ ಸಿಟ್ರನ್ ಕಂಪನಿ 1955ರ ಡಿಎಸ್ ಕಾರಿನಲ್ಲೇ ಅನಿಲದ ಗುಂಡು ಇಟ್ಟಿತ್ತು. ಈಗ 'ಹೈಡ್ರಾಲಿಕ್ ಕುಶನ್' ಅಂತ ಬರುವುದು ಬೇರೆ, ಅದು ಶಾಕ್ ಒಳಗಿನ ವ್ಯವಸ್ಥೆ. ಏರ್ ಸಸ್ಪೆನ್ಷನ್ ಕೂಡ ಬೇರೆ. ಗಾಳಿಚೀಲ ತೂತಾದರೆ ಗಾಡಿ ಕೂತುಬಿಡುತ್ತದೆ. ನಮ್ಮದರಲ್ಲಿ ಅನಿಲ ಹೋದರೆ ಗಾಡಿ ನೆಟ್ಟಗೇ ನಿಂತಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಈಗ ಆ ಪರೀಕ್ಷೆ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಚಾಲೂ ಇರಲಿ. ಎತ್ತರ ಬದಲಿಸುವ ಬಟನ್ ಒತ್ತಿ ಗಾಡಿಯನ್ನು ಪೂರ್ತಿ ತಗ್ಗಿಸಿ. ಬಾನೆಟ್ ಎತ್ತಿ ಸಸ್ಪೆನ್ಷನ್ ಎಣ್ಣೆಯ ಡಬ್ಬಿಗೆ ಟಾರ್ಚ್ ಬಿಡಿ. ಡಬ್ಬಿಯ ಮೇಲೆ ಸಣ್ಣ ಗೆರೆಗಳಿವೆ. ಎಣ್ಣೆ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಪೂರ್ತಿ ಎತ್ತರಕ್ಕೆ ಏರಿಸಿ, ಮತ್ತೆ ನೋಡಿ. ಎಣ್ಣೆ ಎಷ್ಟು ಗೆರೆ ಇಳಿಯಿತು ಎಣಿಸಿ. ಗುಂಡುಗಳು ಹೊಸದಿದ್ದರೆ ಈ ಗಾಡಿಯಲ್ಲಿ ಸುಮಾರು 14 ಗೆರೆ ಇಳಿಯಬೇಕು. 7ಕ್ಕೆ ಬಂದರೆ ಗುಂಡುಗಳ ಆಯಸ್ಸು ಮುಗಿಯಿತು ಅಂತ ಲೆಕ್ಕ. ಅನಿಲ ಇದ್ದರೆ ಗುಂಡೂ ಎಣ್ಣೆ ಕುಡಿಯುತ್ತದೆ, ಅನಿಲ ಇಲ್ಲದ ಗುಂಡಿನ ಹೊಟ್ಟೆ ಮೊದಲೇ ತುಂಬಿರುತ್ತದೆ.

ನನ್ನದು 3 ಗೆರೆ ಇಳಿಯಿತು. ಮೇಸ್ತ್ರಿ ಮಾತಾಡದೆ ಬಾನೆಟ್ ಮುಚ್ಚಿದರು.

ಆದರೂ ಹೊಸ ಗುಂಡು ತರಲು ಅವರು ಕೂಡಲೇ ಹೇಳಲಿಲ್ಲ. ಸ್ಕ್ಯಾನರ್ ಹಾಕಿ ಮುಂದೆ ಹಿಂದೆ ಎಣ್ಣೆಯ ಒತ್ತಡ ಎಷ್ಟಿದೆ ಅಂತ ಓದಿದರು. ಈ ಗಾಡಿಯಲ್ಲಿ ಭಾರವನ್ನು ಎಣ್ಣೆ ಒಂದೇ ಹೊರುವುದಿಲ್ಲ. ಮುಂದೆ ಟಾರ್ಷನ್ ಬಾರ್, ಹಿಂದೆ ಕಾಯಿಲ್ ಸ್ಪ್ರಿಂಗ್ ಹೆಗಲು ಕೊಡುತ್ತವೆ. ಅವು ಸೋತರೆ ಎಣ್ಣೆಯ ಮೇಲೆ ಭಾರ ಬೀಳುತ್ತದೆ, ಹೊಸ ಗುಂಡೂ ಬೇಗ ಹಾಳಾಗುತ್ತದೆ. ನನ್ನ ಹಿಂದಿನ ಸ್ಪ್ರಿಂಗ್ ಸೋತಿದ್ದವು. ಮುಂದಿನ ಬಾರನ್ನು ಮೂರನೇ ಗ್ಯಾರೇಜಿನವರು ತಿರುಗಿಸಿ ಲೆಕ್ಕ ತಪ್ಪಿಸಿದ್ದರು. ಎತ್ತರ ಅಳೆಯುವ ಸೆನ್ಸಾರಿನ ಕಡ್ಡಿಗಳನ್ನೂ ಕೈಯಲ್ಲಿ ಅಲ್ಲಾಡಿಸಿ ನೋಡಿದರು. ಅದು ಬಿಗಿದಿದ್ದರೆ ಗಾಡಿಗೆ ತನ್ನ ಎತ್ತರವೇ ತಿಳಿಯುವುದಿಲ್ಲ.

ಗುಂಡುಗಳು ಹೊರಗಿನಿಂದ ಬರಲು ಐದು ವಾರ ಹಿಡಿಯಿತು. ಕಲಬೆರಕೆ ಎಣ್ಣೆ ಪೂರ್ತಿ ಹೊರಗೆ ತೆಗೆದು, ಇದಕ್ಕೇ ಅಂತ ಇರುವ ಎಎಚ್‌ಸಿ (ಈ ಸಸ್ಪೆನ್ಷನ್‌ಗೆ ಕಂಪನಿ ಇಟ್ಟ ಹೆಸರು) ಎಣ್ಣೆ ತುಂಬಿದರು. ಬ್ರೇಕ್ ಎಣ್ಣೆ, ಸ್ಟೀರಿಂಗ್ ಎಣ್ಣೆ ಯಾವುದೂ ಆಗುವುದಿಲ್ಲ. ಬಿಲ್ ಎಷ್ಟಾಯಿತು ಅಂತ ಇಲ್ಲಿ ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ. ವಾಪಸ್ ಬರುವಾಗ ಬೇಕಂತಲೇ ಸರ್ವಿಸ್ ರಸ್ತೆಗೆ ಇಳಿದು, ಹಂಪ್ ಹುಡುಕಿ ಹುಡುಕಿ ಹತ್ತಿಸಿದೆ. ಮೆತ್ತಗೆ ಒಂದು ಸಲ ಬಗ್ಗಿ ಎದ್ದಿತು, ಅಷ್ಟೇ. ಈಗ 13 ಗೆರೆ.

ಹೋದ ವಾರ ಬಾಮೈದನ ಸ್ನೇಹಿತರೊಬ್ಬರು ಹುಬ್ಬಳ್ಳಿಯಲ್ಲಿ ಇದೇ ತರದ ಗಾಡಿ ನೋಡಲು ಹೊರಟಿದ್ದರು. ಟೈರ್ ಗಾಳಿ ನೋಡಿ, ಬಂಪರ್ ಹತ್ತಿ, ಗೆರೆ ಎಣಿಸಿ ಅಂತ ಹೇಳಿ ಕಳಿಸಿದ್ದೆ. ಮಧ್ಯಾಹ್ನ ಫೋನ್ ಬಂತು: "ಅಣ್ಣ, ಗೆರೆ ಐದು. ಗಾಳಿ ಇಪ್ಪತ್ತಾರು. ಏನ್ಮಾಡ್ಲಿ?"

"ಊಟ ಮಾಡ್ಕಂಡು ಬಸ್ ಹತ್ತು" ಅಂದೆ.