ಸ್ಕ್ಯಾನಿಂಗ್‌ಗೆ ಐದು ಸ್ಟಾರ್, ಕೌಂಟರ್‌ಗೆ ಎರಡು

ತುಮಕೂರಿನ ಬಿ.ಎಚ್. ರಸ್ತೆ ಕಡೆಯ ಸ್ಕ್ಯಾನಿಂಗ್ ಸೆಂಟರ್ ಇದು, ಹೆಸರು ಬೇಡ. ಡಾಕ್ಟರಮ್ಮ ತುಂಬಾ ಒಳ್ಳೆಯವರು. ಒಳಗಿನಿಂದ ಮಾಡುವ ಸ್ಕ್ಯಾನ್ ಅಂದರೆ ಯಾರಿಗಾದರೂ ಮುಜುಗರವೇ, ಅವರು ಮೊದಲೇ ಕೇಳಿ, ಪರದೆ ಎಳೆದು, ಕಾಣುತ್ತಿರುವುದನ್ನೆಲ್ಲ ಹೇಳುತ್ತಾ ಮಾಡಿದರು: ಬಲ ಅಂಡಾಶಯದಲ್ಲಿ ಸಿಸ್ಟ್ (ಗುಳ್ಳೆ) ಇದೆ, ಬರೀ ನೀರಲ್ಲ, ಒಳಗೆ ಗೋಡೆಗಳಿವೆ, ಸ್ವಲ್ಪ ಗಟ್ಟಿ ಭಾಗವೂ ಇದೆ, ಅದಕ್ಕೇ ರಿಪೋರ್ಟಿನಲ್ಲಿ ಕಾಂಪ್ಲೆಕ್ಸ್ ಅಂತ ಬರೆಯುತ್ತೇನೆ, ಇಂಥವೂ ಹೆಚ್ಚಿನವು ಕ್ಯಾನ್ಸರ್ ಆಗಿರುವುದಿಲ್ಲ.

ಕೌಂಟರ್ ಕಥೆ ಬೇರೆ. ಅಂಡಾಶಯದ ಕ್ಯಾನ್ಸರ್ ಸುಳಿವಿಗಾಗಿ ಮಾಡಿಸುವ ಸಿಎ-125 ರಕ್ತ ಪರೀಕ್ಷೆಯ ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತದಂತೆ, ದುಡ್ಡು ಕಟ್ಟಿದ ಮೇಲೆ ಹೇಳಿದರು. ನಾಳೆ ಬನ್ನಿ ಅಂದರು. ನಾಳೆ ಹೋದರೆ ಮತ್ತೆ ನಾಳೆ. ನಿದ್ದೆಗೆಟ್ಟು ಕಾಯುವವರಿಗೆ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿದ್ದರೆ ಸಾಕಿತ್ತು.

ಕಾಯುತ್ತಿರುವವರಿಗೆ: ಸಿಎ-125 ಸಾಮಾನ್ಯವಾಗಿ 35ರ ಒಳಗಿದ್ದರೆ ನಾರ್ಮಲ್ ಅನ್ನುತ್ತಾರೆ, ಆದರೆ ಮುಟ್ಟಿನ ಸಮಯದಲ್ಲಿ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು) ಅಥವಾ ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ಇದ್ದಾಗಲೂ ಅದು ಏರಬಹುದು. ಸುಮ್ನೆ ಗೂಗಲ್ ಮಾಡಿ ಹೆದರಬೇಡಿ, ಸ್ಕ್ಯಾನ್ ಜೊತೆಗಿಟ್ಟು ಡಾಕ್ಟರಿಗೆ ತೋರಿಸಿ. (ನಾನು ಗೂಗಲ್ ಮಾಡುತ್ತಲೇ ಇದ್ದೀನಿ, ಅದು ಬೇರೆ ಮಾತು.)

ಸ್ಕ್ಯಾನ್ ಇಲ್ಲೇ ಮಾಡಿಸಿ. ರಕ್ತ ಕೊಡುವ ಮೊದಲು ಮಾತ್ರ ರಿಪೋರ್ಟ್ ಯಾವತ್ತು ಬರುತ್ತದೆ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.